ಹಿತ್ತಲಿಗೆ ಬರುವ ಕಾಡುಪ್ರಾಣಿಗಳನ್ನು ನೋಡಿ ತಿಳಿಯುವ ಕ್ರಮ

(ಹಿಡುವಳಿದಾರರಿಗೂ ಊರಿನ ಯಜಮಾನರಿಗೂ ತಿಳಿವಳಿಕೆ)

೧. ಪೀಠಿಕೆ

ಮುಂಗುಸಿಯ ಕಥೆಯನ್ನು ಕೇಳದೆ ಬೆಳೆದವರು ನಮ್ಮ ನಾಡಿನಲ್ಲಿ ವಿರಳ. ತೊಟ್ಟಿಲಿನಲ್ಲಿದ್ದ ಕೂಸನ್ನು ಹಾವಿನಿಂದ ಕಾಪಾಡಿ, ರಕ್ತ ಮೆತ್ತಿದ ಬಾಯಿಯೊಡನೆ ಬಾಗಿಲಿಗೆ ಬಂದು ನಿಂತ ಮುಂಗುಸಿಯನ್ನು ಕಂಡು, ಕೂಸನ್ನೇ ಕೊಂದಿತೆಂದು ಬಗೆದು ಮನೆಯೊಡತಿಯು ಅದನ್ನು ಹೊಡೆದುಹಾಕಿದಳು. ಒಳಗೆ ಹೋಗಿ ನೋಡಿದ ಮೇಲೆ ಅಳುತ್ತ ಕುಳಿತಳು. ಮಕ್ಕಳಿಗೆ ಈ ಕಥೆಯನ್ನು ಹೇಳುವ ನಾವೇ ನಮ್ಮ ಹಿತ್ತಲಿನಲ್ಲಿ ವರ್ಷಕ್ಕೊಂದೆರಡು ಬಾರಿಯಾದರೂ ಆ ಮನೆಯೊಡತಿಯಂತೆ ನಡೆದುಕೊಳ್ಳುತ್ತೇವೆ.

ಹಳ್ಳಿಯ ಹಿತ್ತಲು ಮನೆಯವರೊಬ್ಬರದೇ ಅಲ್ಲ. ದೀಪವಾರಿ ಎಲ್ಲರೂ ಮಲಗಿದ ಮೇಲೆ ಬೇಲಿಯ ಸಂದಿನಿಂದಲೂ, ಕಲ್ಲುಗೋಡೆಯ ಬಿರುಕಿನಿಂದಲೂ, ಮಾಡಿನ ಮೇಲೆ ಬಾಗಿದ ಕೊಂಬೆಯಿಂದಲೂ ಅನೇಕ ಜೀವಿಗಳು ಅಲ್ಲಿಗೆ ಬಂದು ಹೋಗುತ್ತವೆ. ಅವುಗಳಲ್ಲಿ ನಾಲ್ಕು ತರದವುಂಟು. ನಮ್ಮ ದವಸವನ್ನು ತಿನ್ನತಕ್ಕವು ಮೊದಲನೆಯವು. ಆ ತಿನ್ನುವವುಗಳನ್ನೇ ತಿನ್ನತಕ್ಕವು ಎರಡನೆಯವು. ನಮಗೆ ಲಾಭವನ್ನೂ ನಷ್ಟವನ್ನೂ ಮಾಡದೆ ಹಾದು ಹೋಗತಕ್ಕವು ಮೂರನೆಯವು. ಜೀವಕ್ಕೆ ಅಪಾಯವನ್ನುಂಟುಮಾಡಬಲ್ಲವು ನಾಲ್ಕನೆಯವು. ಈ ನಾಲ್ಕನ್ನೂ ಬೇರ್ಪಡಿಸಿ ತಿಳಿಯದೆ ದೊಣ್ಣೆಯನ್ನೆತ್ತುವವನು ಕಳ್ಳನನ್ನು ಬಿಟ್ಟು ಕಾವಲುಗಾರನನ್ನು ಹೊಡೆಯುವುದೇ ಹೆಚ್ಚು. ಏಕೆಂದರೆ ಕಳ್ಳನು ಇರುಳಿನಲ್ಲಿ ಅಡಗಿರುತ್ತಾನೆ, ಕಾವಲುಗಾರನು ಕಣ್ಣಿಗೆ ಬೀಳುತ್ತಾನೆ.

ಆದಕಾರಣ ಮೊದಲು ನೋಡಬೇಕು, ಅನಂತರ ನಿಶ್ಚಯಿಸಬೇಕು ಎಂಬುದೊಂದೇ ಈ ಕರಪತ್ರದ ಉಪದೇಶ. ನೋಡುವ ಕ್ರಮವನ್ನು ಕೆಳಗೆ ವಿವರಿಸಿದೆ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಎರಡು ವಾರಗಳ ತಾಳ್ಮೆ ಬೇಕು.

೨. ಸ್ವಂತ ಅನುಭವ

ಇದನ್ನು ಬರೆಯುವವನು ಉದ್ಯೋಗಕ್ಕೆ ಸೇರಿದ ಹೊಸದರಲ್ಲಿ ಮಲೆನಾಡಿನ ಅಂಚಿನ ಒಂದು ಊರಿನಲ್ಲಿ ಬಾಡಿಗೆಯ ಮನೆಯಲ್ಲಿದ್ದನು. ಆ ಮನೆಯ ಹಿಂದಿನ ಕೋಣೆಯಲ್ಲಿ ಯಜಮಾನರು ಮುಂದಿನ ಸಾಲಿನ ಬಿತ್ತನೆಯ ಭತ್ತವನ್ನು ಇಟ್ಟಿದ್ದರು. ಹಿತ್ತಲಿನ ಕಲ್ಲುಗೋಡೆಯಿಂದ ಬೆಳಗಿನ ಬಿಸಿಲೇರಿದ ಮೇಲೆ ಆರಡಿ ಉದ್ದದ ಹಾವೊಂದು ಹೊರಬಂದು, ಹುಲ್ಲಿನ ಬಣವೆಯ ಸುತ್ತಲೂ ಹರಿದಾಡಿ ಹಿಂತಿರುಗುತ್ತಿತ್ತು. ಅದು ಕೇರೆಯೆಂದು ಪಕ್ಕದ ಮನೆಯ ಅಜ್ಜಿಯು ಹೇಳಿದ್ದರೂ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಂಬ ಹೆದರಿಕೆಯಿಂದ ನಾನು ಇಬ್ಬರು ಆಳುಗಳನ್ನು ಕರೆಯಿಸಿ ಅದನ್ನು ಕೊಲ್ಲಿಸಿದೆನು. ಅದು ಕಾರ್ತಿಕ ಮಾಸ.

ಸಂಕ್ರಾಂತಿಯ ಹೊತ್ತಿಗೆ ಬಣವೆಯ ಬುಡದಲ್ಲಿ ಹೊಸ ಮಣ್ಣಿನ ಗುಡ್ಡೆಗಳೆದ್ದವು. ಯುಗಾದಿಗೆ ಮುಂಚೆ ಹೆಗ್ಗಣಗಳು ಗೋಡೆಯ ತಳವನ್ನು ಕೊರೆದು ಹಿಂದಿನ ಕೋಣೆಯನ್ನು ಹೊಕ್ಕವು. ಬಿತ್ತನೆಯ ಚೀಲಗಳ ತಳವೆಲ್ಲ ಹರಿದು ಭತ್ತವು ಹೊಟ್ಟಾಯಿತು. ಆ ಹೆಗ್ಗಣಗಳ ಬೆನ್ನು ಹತ್ತಿ ನಾಗರಹಾವೊಂದು ಅದೇ ಬಿಲದಿಂದ ಕೋಣೆಯೊಳಕ್ಕೆ ಬಂದಿತು. ಯಜಮಾನರ ಸೊಸೆಯು ಮುಸ್ಸಂಜೆಯಲ್ಲಿ ಮೊರವನ್ನು ತರಲು ಹೋದವಳು ಅದನ್ನು ತುಳಿಯದೆ ಉಳಿದದ್ದು ಒಂದು ಗೇಣಿನ ಅಂತರದಲ್ಲಿ. ಆ ವರ್ಷ ಅವರು ಬಿತ್ತನೆಯ ಭತ್ತವನ್ನು ಸಾಲ ತಂದು ಬಿತ್ತಿದರು.

“ಬುದ್ಧಿ, ತಾವು ಓದಿದವರು, ಒಂದು ನಾಲ್ಕು ದಿನ ಅದು ಎಲ್ಲಿಗೆ ಹೋಗುತ್ತದೆ, ಏನು ತಿನ್ನುತ್ತದೆ ಎಂದು ನೋಡಬಾರದಿತ್ತೆ?” ಎಂದು ಆ ಅಜ್ಜಿಯು ಕೇಳಿದಳು. ಉತ್ತರ ಕೊಡಲು ನನಗೆ ತೋರಲಿಲ್ಲ. ಒಂದು ಕೇರೆ ಸತ್ತುದರಿಂದಲೇ ಇಷ್ಟೆಲ್ಲವೂ ಆಯಿತೆಂದು ಹೇಳುವುದು ನ್ಯಾಯವಲ್ಲ; ಕೋಣೆಯ ತಳವೂ ಭದ್ರವಾಗಿರಲಿಲ್ಲ. ಆದರೆ ನಾನು ನೋಡದೆ ಕೊಲ್ಲಿಸಿದೆನೆಂಬುದು ನಿಜ. ಅಂದಿನಿಂದ ಹಿತ್ತಲನ್ನು ನೋಡುವ ಅಭ್ಯಾಸವನ್ನು ಮಾಡಿಕೊಂಡೆನು.

೩. ನೋಡದೆ ಮಾಡಿದ ಕೆಲಸಕ್ಕೆ ಎರಡು ನಿದರ್ಶನಗಳು

ಈ ತಪ್ಪು ಒಂದು ಮನೆಗೆ ಸೇರಿದ್ದಲ್ಲ. ದೇಶ ದೇಶಗಳೇ ಇದನ್ನು ಮಾಡಿವೆ.

ಜಮೈಕಾ ದ್ವೀಪದ ಕಬ್ಬಿನ ತೋಟಗಳಲ್ಲಿ ಇಲಿಗಳ ಕಾಟವು ವಿಪರೀತವಾಗಲು, ೧೮೭೨ರಲ್ಲಿ ತೋಟದ ಮಾಲೀಕನೊಬ್ಬನು ನಮ್ಮ ದೇಶದಿಂದ ಒಂಬತ್ತು ಚಿಕ್ಕ ಜಾತಿಯ ಮುಂಗುಸಿಗಳನ್ನು ಹಡಗಿನಲ್ಲಿ ತರಿಸಿ ಬಿಟ್ಟನು. ಮೊದಮೊದಲು ಇಲಿಗಳು ಕಡಮೆಯಾದಂತೆ ಕಂಡಿತು. ಅದನ್ನು ನೋಡಿ ೧೮೮೩ರಲ್ಲಿ ಹವಾಯಿ ದ್ವೀಪದವರೂ ಜಮೈಕಾದಿಂದ ಮುಂಗುಸಿಗಳನ್ನು ತರಿಸಿಕೊಂಡರು. ಮುಂಗುಸಿಯು ಹಗಲಿನಲ್ಲಿ ಬೇಟೆಯಾಡುವ ಪ್ರಾಣಿ, ತೋಟದ ಇಲಿಯು ರಾತ್ರಿಯಲ್ಲಿ ತಿರುಗುವ ಪ್ರಾಣಿ. ಎರಡಕ್ಕೂ ಭೇಟಿಯಾಗುವ ಹೊತ್ತೇ ಕಡಮೆ ಎಂಬುದನ್ನು ಯಾರೂ ವಿಚಾರಿಸಿರಲಿಲ್ಲ. ಮುಂಗುಸಿಗಳು ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳನ್ನೂ ಓತಿಗಳನ್ನೂ ಸಾಕಿದ ಕೋಳಿಗಳನ್ನೂ ತಿಂದು ಹೆಚ್ಚಿದವು. ಆ ದ್ವೀಪಗಳಿಗೆ ಈಗ ಅವೇ ಒಂದು ಪೀಡೆಯಾಗಿವೆ.

ಚೀನಾ ದೇಶದಲ್ಲಿ ೧೯೫೮ರಲ್ಲಿ ಇಲಿ, ನೊಣ, ಸೊಳ್ಳೆಗಳೊಡನೆ ಗುಬ್ಬಿಯನ್ನೂ ದವಸದ ಶತ್ರುವೆಂದು ಸಾರಿ, ಜನರೆಲ್ಲರೂ ತಮಟೆ ತಟ್ಟೆಗಳನ್ನು ಬಡಿದು ಗುಬ್ಬಿಗಳು ಕೂರಲಾರದೆ ಬಿದ್ದು ಸಾಯುವವರೆಗೆ ಅಟ್ಟಿದರು. ಗುಬ್ಬಿಯು ಕಾಳನ್ನು ತಿನ್ನುವುದೇನೋ ನಿಜ. ಆದರೆ ಮರಿಗಳಿಗೆ ಅದು ತಂದು ಉಣಿಸುವುದು ಹುಳುಗಳನ್ನು. ಗುಬ್ಬಿ ಹೋದ ಮೇಲೆ ಬೆಳೆಗೆ ಹುಳುಗಳ ಹಾವಳಿ ಹೆಚ್ಚಿತು. ೧೯೬೦ರಲ್ಲಿ ಸರ್ಕಾರದವರೇ ಗುಬ್ಬಿಯ ಹೆಸರನ್ನು ಆ ಪಟ್ಟಿಯಿಂದ ತೆಗೆದು ತಿಗಣೆಯ ಹೆಸರನ್ನು ಸೇರಿಸಬೇಕಾಯಿತು. ನಮ್ಮ ಹಿರಿಯರು ಬಾಗಿಲ ಮುಂದೆ ಭತ್ತದ ತೆನೆಯನ್ನು ಗುಬ್ಬಿಗಾಗಿ ಕಟ್ಟುತ್ತಿದ್ದುದು ಬರಿಯ ದಯೆಯಿಂದಲ್ಲವೆಂದು ತೋರುತ್ತದೆ.

ಯಾವ ಪ್ರಾಣಿ, ಯಾವ ಹೊತ್ತಿನಲ್ಲಿ, ಏನನ್ನು ತಿನ್ನುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಹೋದುದೇ ಈ ಎರಡು ಕಡೆಗಳಲ್ಲಿಯೂ ಆದ ತಪ್ಪು.

೪. ನೋಡುವ ಕ್ರಮ

(ಅ) ಸ್ಥಳವೂ ಹೊತ್ತೂ.— ಸಂಜೆ ಸೂರ್ಯಾಸ್ತದಿಂದ ಒಂದು ಗಂಟೆಯ ಕಾಲ, ಬೆಳಗ್ಗೆ ಸೂರ್ಯೋದಯಕ್ಕೆ ಮೊದಲು ಒಂದು ಗಂಟೆಯ ಕಾಲ, ಇವೆರಡೂ ಉತ್ತಮವಾದ ಸಮಯಗಳು. ಹಿಂದಿನ ಕಿಟಕಿಯ ಬಳಿಯಲ್ಲಾಗಲಿ ಜಗಲಿಯ ಕತ್ತಲೆಯಲ್ಲಾಗಲಿ ಒಬ್ಬರೇ ಕುಳಿತುಕೊಳ್ಳಬೇಕು. ಬೀಡಿ ಹೊಗೆಸೊಪ್ಪುಗಳ ವಾಸನೆ ಕೂಡದು. ನಾಯಿಯನ್ನು ಮುಂಬಾಗಿಲಲ್ಲಿ ಕಟ್ಟಿರಬೇಕು. ಬ್ಯಾಟರಿ ದೀಪವನ್ನು ಉಪಯೋಗಿಸುವವರು ಗಾಜಿಗೆ ಕೆಂಪು ಕಾಗದವನ್ನು ಅಂಟಿಸಿಕೊಳ್ಳತಕ್ಕದ್ದು. ಕೆಂಪು ಬೆಳಕಿಗೆ ರಾತ್ರಿಯ ಪ್ರಾಣಿಗಳು ಅಷ್ಟಾಗಿ ಬೆದರುವುದಿಲ್ಲ. ಮೊದಲ ಎರಡು ಮೂರು ದಿನ ಏನೂ ಕಾಣದಿದ್ದರೆ ಬೇಸರಪಡಬಾರದು.

(ಆ) ಬೂದಿಯ ಹಾಸು.— ರಾತ್ರಿಯೆಲ್ಲ ಎದ್ದಿರುವುದು ದುಡಿಯುವವನಿಗೆ ಸಾಧ್ಯವಲ್ಲ. ಆದುದರಿಂದ ಒಲೆಯ ಬೂದಿಯನ್ನು ಜರಡಿ ಹಿಡಿದು, ಬೇಲಿಯ ಕಂಡಿ, ಕೋಳಿಗೂಡಿನ ಬಾಗಿಲು, ಕಣಜದ ಬುಡ ಇವುಗಳ ಮುಂದೆ ಮೂರಡಿ ಉದ್ದ ಮೂರಡಿ ಅಗಲ ತೆಳ್ಳಗೆ ಹರಡಿ, ಹಲಗೆಯಿಂದ ಸಮಮಾಡಿ ಬಿಡಬೇಕು. ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ನೋಡಿದರೆ ಹೆಜ್ಜೆಗಳು ಸ್ಪಷ್ಟವಾಗಿ ಕಾಣುತ್ತವೆ. ಇಲಿ ಹೆಗ್ಗಣಗಳ ಮುಂಗಾಲಿನಲ್ಲಿ ನಾಲ್ಕು ಬೆರಳು, ಹಿಂಗಾಲಿನಲ್ಲಿ ಐದು ಬೆರಳು ಮೂಡುತ್ತವೆ; ನಡುವೆ ಬಾಲ ಎಳೆದ ಗೆರೆಯಿರುವುದೂ ಉಂಟು. ಬೆಕ್ಕಿನ ಹೆಜ್ಜೆ ದುಂಡಗೆ, ನಾಲ್ಕು ಬೆರಳು, ಉಗುರಿನ ಗುರುತಿಲ್ಲ. ನಾಯಿ ನರಿಗಳದು ನಾಲ್ಕು ಬೆರಳು, ಉಗುರಿನ ಗುರುತುಂಟು. ಮುಂಗುಸಿಗೂ ಕಬ್ಬೆಕ್ಕಿಗೂ ಐದೈದು ಬೆರಳು. ಹಾವು ಹರಿದರೆ ಬೆರಳಿಲ್ಲದ ಪಟ್ಟೆಯೊಂದು ಬೀಳುತ್ತದೆ.

(ಇ) ಬಿಲದ ಪರೀಕ್ಷೆ.— ಹಿತ್ತಲಿನ ಎಲ್ಲ ಬಿಲಗಳ ಬಾಯನ್ನೂ ಸಂಜೆ ಹಸಿ ಮಣ್ಣಿನಿಂದ ಮುಚ್ಚಿ ಬಿಡಬೇಕು. ಕೈ ಹಾಕಬಾರದು, ಸಲಿಕೆಯಿಂದಲೇ ಮುಚ್ಚತಕ್ಕದ್ದು. ಬೆಳಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಜೀವವಿದೆ. ಇಪ್ಪತ್ತು ಬಿಲಗಳನ್ನು ಕಂಡು ಹೆದರಿದ ಮನೆಯಲ್ಲಿ ಮೂರು ಮಾತ್ರವೇ ತೆರೆದಿರುವುದು ಅಪರೂಪವಲ್ಲ. ಔಷಧವನ್ನಾಗಲಿ ಬೋನನ್ನಾಗಲಿ ಆ ಮೂರಕ್ಕೆ ಇಟ್ಟರೆ ಸಾಕು.

(ಈ) ಹಿಕ್ಕೆಯೂ ಉಂಡೆಯೂ.— ಪ್ರಾಣಿಯು ಏನನ್ನು ತಿಂದಿತೆಂಬುದಕ್ಕೆ ಅದರ ಹಿಕ್ಕೆಯೇ ಸಾಕ್ಷಿ. ಕಡ್ಡಿಯಿಂದ ಬಿಡಿಸಿ ನೋಡಬೇಕು, ಬರಿಗೈಯಿಂದ ಮುಟ್ಟಬಾರದು, ನೋಡಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಕಬ್ಬೆಕ್ಕಿನ ಹಿಕ್ಕೆಯಲ್ಲಿ ಹಣ್ಣಿನ ಬೀಜಗಳು ಇಡಿಯಾಗಿರುತ್ತವೆ. ನರಿಯದರಲ್ಲಿ ಕೂದಲೂ ಬೋರೆಹಣ್ಣಿನ ಬೀಜವೂ ಸೇರಿರುತ್ತವೆ. ಗೂಬೆಯು ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಮೂಳೆ ಕೂದಲುಗಳನ್ನು ಉಂಡೆಯಾಗಿ ಬಾಯಿಂದ ಕಕ್ಕುತ್ತದೆ. ಈ ಉಂಡೆಯನ್ನು ಬಿಸಿನೀರಿನಲ್ಲಿ ನೆನೆಸಿ ಬಿಡಿಸಿದರೆ ಅದು ತಿಂದ ಇಲಿಗಳ ತಲೆಬುರುಡೆಗಳನ್ನು ಎಣಿಸಬಹುದು.

(ಉ) ಪುಸ್ತಕ.— ಒಂದು ಲೇಖನ ಪುಸ್ತಕದಲ್ಲಿ ದಿನ, ಹೊತ್ತು, ಕಂಡ ಪ್ರಾಣಿ ಅಥವಾ ಗುರುತು, ಬಂದ ದಾರಿ, ಮಾಡಿದ ಕೆಲಸ, ಆದ ನಷ್ಟ ಎಂದು ಆರು ಕಲಮುಗಳನ್ನು ಮಾಡಿ ಬರೆಯುತ್ತ ಹೋಗಬೇಕು. ಓದು ಕಲಿತ ಹುಡುಗ ಹುಡುಗಿಯರಿಗೆ ಈ ಕೆಲಸವನ್ನು ವಹಿಸಿದರೆ ಉತ್ಸಾಹದಿಂದ ಮಾಡುತ್ತಾರೆ. ೧೯೩೯-೪೦ರಲ್ಲಿ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ನಡೆಸಿದಾಗಲೂ ಮೂಲ ಸಾಧನಗಳು ಕಣ್ಣು, ತಾಳ್ಮೆ ಮತ್ತು ಟಿಪ್ಪಣಿ ಪುಸ್ತಕಗಳೇ. ನೆನಪಿನಲ್ಲಿಟ್ಟದ್ದು ಹೆದರಿಕೆಯೊಡನೆ ಬೆಳೆಯುತ್ತದೆ. ಬರೆದಿಟ್ಟದ್ದು ಇದ್ದಷ್ಟೇ ಇರುತ್ತದೆ.

೫. ಸಾಮಾನ್ಯವಾಗಿ ಬರುವ ಪ್ರಾಣಿಗಳು

ಹೆಗ್ಗಣವೂ ಇಲಿಯೂ.— ದವಸದ ನಿಜವಾದ ಕಳ್ಳರು ಇವೇ. ಇವುಗಳ ಬಾಚಿಹಲ್ಲುಗಳು ಜೀವವಿರುವವರೆಗೂ ಬೆಳೆಯುತ್ತಲೇ ಇರುವುದರಿಂದ ಏನನ್ನಾದರೂ ಕಡಿಯುತ್ತಲೇ ಇರಬೇಕು. ಆದ್ದರಿಂದ ತಿನ್ನುವುದಕ್ಕಿಂತ ಕೆಡಿಸುವುದು ಹೆಚ್ಚು. ಗರ್ಭ ಧರಿಸಿದ ಸುಮಾರು ಮೂರು ವಾರಗಳಲ್ಲಿ ಮರಿ ಹಾಕುತ್ತವೆ. ಗದ್ದೆಯ ಹೆಗ್ಗಣವು ತೆನೆಗಳನ್ನು ಕತ್ತರಿಸಿ ಬಿಲದೊಳಗೆ ಕೂಡಿಡುತ್ತದೆ. ಬಾಯಲ್ಲಿ ಸಡಿಲ ಮಣ್ಣಿನ ಗುಡ್ಡೆಯಿರುವ ಬಿಲವು ಅದರದೇ. ಇವುಗಳ ಮೂತ್ರದಿಂದ ಇಲಿಜ್ವರವು ಹರಡುವುದಾದ ಕಾರಣ, ಮಳೆಗಾಲದಲ್ಲಿ ಗಾಯವಿರುವ ಬರಿಗಾಲಿನಲ್ಲಿ ಕೆಸರು ತುಳಿಯಬಾರದು.

ಕೇರೆಹಾವು.— ಇದಕ್ಕೆ ವಿಷವಿಲ್ಲ. ಹಗಲಿನಲ್ಲಿ ಸಂಚರಿಸಿ ಇಲಿ ಕಪ್ಪೆಗಳನ್ನು ತಿನ್ನುತ್ತದೆ. ಕುತ್ತಿಗೆ ಸಣ್ಣ, ಕಣ್ಣು ದೊಡ್ಡದು, ತುಟಿಯ ಮೇಲೆ ಕಪ್ಪು ಗೀಟುಗಳು, ಹೆಡೆಯಿಲ್ಲ. ಬಿಲದೊಳಗೆ ನುಗ್ಗಿ ಮರಿಗಳ ಸಮೇತ ಇಲಿಗಳನ್ನು ನುಂಗುವ ಸಾಮರ್ಥ್ಯವು ಬೆಕ್ಕಿಗಿಲ್ಲ, ಕೇರೆಗುಂಟು. ಕೇರೆಯು ಹಸುವಿನ ಕಾಲಿಗೆ ಸುತ್ತಿ ಹಾಲನ್ನು ಕುಡಿಯುವುದೆಂದೂ, ನಾಗರಹಾವಿನೊಡನೆ ಜೊತೆಗೂಡುವುದೆಂದೂ ಹೇಳುವುದುಂಟು. ಇವೆರಡೂ ನಿಜವಲ್ಲ. ಎರಡು ಹಾವುಗಳು ಹೆಣೆದುಕೊಂಡು ಮೇಲೇಳುವುದನ್ನು ಕಂಡವರು ಅದನ್ನು ಕೂಟವೆಂದು ತಿಳಿಯುತ್ತಾರೆ. ಅದು ಸಾಮಾನ್ಯವಾಗಿ ಎರಡು ಗಂಡು ಕೇರೆಗಳ ಬಲಪರೀಕ್ಷೆ.

ಗೂಬೆ.— ಹೃದಯದಾಕಾರದ ಬಿಳಿಯ ಮುಖವುಳ್ಳ ಕಣಜದ ಗೂಬೆಯು ಹಳೆಯ ಗುಡಿ, ಪಾಳುಮನೆ, ಅಟ್ಟಗಳಲ್ಲಿ ವಾಸಿಸುತ್ತದೆ. ಪೂರ್ಣ ಕತ್ತಲೆಯಲ್ಲಿಯೂ ಸದ್ದಿನಿಂದಲೇ ಇಲಿಯಿರುವ ಸ್ಥಳವನ್ನು ಕಂಡುಹಿಡಿಯಬಲ್ಲದು. ಇದರ ಆಹಾರದಲ್ಲಿ ಇಲಿಯೇ ಮುಖ್ಯ. ಚಿಕ್ಕದಾದ ಹಾಲಕ್ಕಿಯು ಹುಳುಹುಪ್ಪಟೆಗಳನ್ನೂ ಸುಂಡಿಲಿಗಳನ್ನೂ ತಿನ್ನುತ್ತದೆ. ಹಾಲಕ್ಕಿ ನುಡಿಯಿತೆಂದು ಬುಡುಬುಡಿಕೆಯವರು ಭವಿಷ್ಯ ಹೇಳುವುದು ಇದರ ಹೆಸರಿನಲ್ಲಿಯೇ. ಗೂಬೆ ಮಾಡಿನ ಮೇಲೆ ಕುಳಿತರೆ ಮನೆಗೆ ಕೇಡೆಂದು ಅಟ್ಟುವವರು, ಅದು ಕುಳಿತ ಕೆಳಗಡೆ ಬಿದ್ದಿರುವ ಉಂಡೆಯೊಂದನ್ನು ಬಿಡಿಸಿ ನೋಡಲಿ. ಅದರಲ್ಲಿರುವ ಬುರುಡೆಗಳೇ ಅದು ಯಾರಿಗೆ ಕೇಡೆಂಬುದನ್ನು ತಿಳಿಸುತ್ತವೆ.

ಮುಂಗುಸಿ.— ಹಗಲಿನ ಪ್ರಾಣಿ. ಇಲಿ, ಹಾವು, ಓತಿ, ಹುಳುಗಳೊಡನೆ ಮೊಟ್ಟೆಯನ್ನೂ ಕೋಳಿಮರಿಯನ್ನೂ ತಿನ್ನುತ್ತದೆ. ಆದ್ದರಿಂದ ಇದು ಅರ್ಧ ಸ್ನೇಹಿತ. ಹಗಲಿನಲ್ಲಿ ಮರಿಗಳನ್ನು ಬುಟ್ಟಿಯ ಅಡಿಯಲ್ಲಿಟ್ಟರೆ ಪೂರ್ಣ ಸ್ನೇಹಿತನಾಗುತ್ತದೆ.

ಕಬ್ಬೆಕ್ಕು ಅಥವಾ ಮರಬೆಕ್ಕು.— ರಾತ್ರಿಯ ಪ್ರಾಣಿ. ಅಟ್ಟದಲ್ಲಿ ಹಗಲೆಲ್ಲ ಮಲಗಿದ್ದು, ಕತ್ತಲಾದ ಮೇಲೆ ಹಣ್ಣು, ಕಾಫಿಯ ಹಣ್ಣು, ಇಲಿಗಳನ್ನು ತಿನ್ನುತ್ತದೆ. ಗೂಡು ಸಡಿಲವಾಗಿದ್ದರೆ ಕೋಳಿಯನ್ನೂ ಹಿಡಿಯುತ್ತದೆ.

ಉಡ.— ನೋಟಕ್ಕೆ ಭಯಂಕರವಾದರೂ ಮನುಷ್ಯನನ್ನು ಕಂಡರೆ ಓಡುತ್ತದೆ. ಇಲಿ, ಹುಳು, ಮೊಟ್ಟೆ, ಸತ್ತ ಪ್ರಾಣಿಗಳನ್ನು ತಿನ್ನುತ್ತದೆ. ಇದರ ಉಸಿರು ಸೋಕಿದರೆ ವಿಷವೆಂಬ ಮಾತಿಗೆ ಆಧಾರವಿಲ್ಲ.

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕೇರೆ, ಗೂಬೆ, ಮುಂಗುಸಿ, ಕಬ್ಬೆಕ್ಕು, ಉಡ ಇವುಗಳನ್ನು ಕೊಲ್ಲುವುದೂ ಹಿಡಿಯುವುದೂ ಶಿಕ್ಷೆಗೆ ಗುರಿಮಾಡುವ ಅಪರಾಧಗಳೆಂಬುದನ್ನು ಎಲ್ಲರೂ ನೆನಪಿನಲ್ಲಿಡತಕ್ಕದ್ದು.

೬. ಒಂದು ಕೋಳಿಗೂಡಿನ ವಿಚಾರಣೆ

ಬಯಲುಸೀಮೆಯ ಹಿಡುವಳಿದಾರರೊಬ್ಬರ ಮನೆಯಲ್ಲಿ ಒಂದು ತಿಂಗಳಿನಲ್ಲಿ ಒಂಬತ್ತು ಕೋಳಿಗಳು ಕಾಣೆಯಾದವು. ಬೇಲಿಯ ಬಳಿ ಹಗಲಿನಲ್ಲಿ ಮುಂಗುಸಿಯ ಜೋಡಿಯೊಂದು ಓಡಾಡುತ್ತಿದ್ದುದರಿಂದ ಅಪರಾಧವು ಅದರದೇ ಎಂದು ಮನೆಯವರು ತೀರ್ಮಾನಿಸಿ, ಉರುಲು ಕಟ್ಟಲು ಆಳನ್ನು ಗೊತ್ತುಮಾಡಿದ್ದರು. ನಾನು ಆ ಊರಿಗೆ ಹೋಗಿದ್ದಾಗ ವಿಷಯವು ತಿಳಿದು, ಏಳು ದಿನ ತಡೆಯಿರೆಂದು ಬೇಡಿಕೊಂಡೆನು.

ಗೂಡಿನ ಮುಂದೆ ಸಂಜೆಯೊಂದು ಸಲ, ಬೆಳಗ್ಗೆಯೊಂದು ಸಲ ಹೊಸ ಬೂದಿಯನ್ನು ಹರಡಿದರು. ಹಗಲಿನ ಬೂದಿಯಲ್ಲಿ ಮುಂಗುಸಿಯ ಹೆಜ್ಜೆಗಳು ಎರಡು ದಿನ ಬಿದ್ದವು. ಆ ಎರಡು ದಿನವೂ ಕೋಳಿ ಹೋಗಲಿಲ್ಲ. ನಾಲ್ಕನೆಯ ರಾತ್ರಿ ಒಂದು ಕೋಳಿ ಹೋಯಿತು. ಬಾಗಿಲಿನ ಮುಂದಣ ಬೂದಿಯಲ್ಲಿ ಗುರುತೇ ಇರಲಿಲ್ಲ. ಆದರೆ ಗೂಡಿನ ಮೇಲಣ ಹೆಂಚೊಂದು ಸರಿದಿತ್ತು, ಹೆಂಚಿನ ಧೂಳಿನಲ್ಲಿ ಐದು ಬೆರಳಿನ ಹೆಜ್ಜೆಯಿತ್ತು, ಪಕ್ಕದ ಗೋಡೆಯ ಮೇಲೆ ಬೀಜಗಳು ತುಂಬಿದ ಹಿಕ್ಕೆಯಿತ್ತು. ಐದು ಬೆರಳೆಂದ ಮಾತ್ರಕ್ಕೆ ಮುಂಗುಸಿಯಾಗಲಿಲ್ಲ. ಹೊತ್ತು ರಾತ್ರಿ, ದಾರಿ ಮಾಡು, ಹಿಕ್ಕೆಯಲ್ಲಿ ಬೀಜ. ಬಂದುದು ಕಬ್ಬೆಕ್ಕು.

ಮಾಡಿನ ಮೇಲೆ ಬಾಗಿದ್ದ ಹುಣಿಸೆಯ ಕೊಂಬೆಯನ್ನು ಕಡಿಸಿ, ಹೆಂಚಿನ ಕೆಳಗೆ ಅರ್ಧ ಅಂಗುಲ ಕಣ್ಣಿನ ತಂತಿಯ ಜಾಲರಿಯನ್ನು ಹೊಡೆಯಿಸಿದರು. ಆಮೇಲೆ ಕೋಳಿ ಹೋಗಲಿಲ್ಲ. ಮುಂಗುಸಿಗಳು ಉಳಿದವು, ಕಬ್ಬೆಕ್ಕೂ ಉಳಿಯಿತು. ಉರುಲಿನಿಂದ ಮುಂಗುಸಿಗಳನ್ನು ಕೊಂದಿದ್ದರೆ, ಕೋಳಿಗಳು ಹೋಗುತ್ತಲೇ ಇರುತ್ತಿದ್ದವು, ಹಾವು ಇಲಿಗಳಿಗೆ ಹಗಲಿನ ಭಯವೂ ತಪ್ಪುತ್ತಿತ್ತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯು ಇಂತಹ ಸಂದರ್ಭಕ್ಕೇ ಹೇಳಿದ್ದು.

೭. ಎಚ್ಚರಿಕೆಗಳು

ನೋಡುವುದೆಂದರೆ ಹತ್ತಿರ ಹೋಗುವುದೆಂದಾಗಲಿ, ಮುಟ್ಟುವುದೆಂದಾಗಲಿ ಅರ್ಥವಲ್ಲ.

ವಿಷದ ಹಾವುಗಳು.— ನಮ್ಮಲ್ಲಿ ಹೆಚ್ಚು ಸಾವುಗಳಿಗೆ ಕಾರಣವಾಗುವ ಹಾವುಗಳು ನಾಲ್ಕು: ಹೆಡೆಯುಳ್ಳ ನಾಗರ, ಹೊಳೆಯುವ ಕಪ್ಪು ಮೈಮೇಲೆ ಸಣ್ಣ ಬಿಳಿಯ ಪಟ್ಟೆಗಳುಳ್ಳ ಕಟ್ಟುಹಾವು, ದಪ್ಪ ಮೈಮೇಲೆ ಸರಪಳಿಯಂತಹ ಕಲೆಗಳುಳ್ಳ, ಜೋರಾಗಿ ಬುಸುಗುಡುವ ಕೊಳಕುಮಂಡಲ, ಮೈಯನ್ನು ತಿಕ್ಕಿ ಗರಗಸದ ಸದ್ದು ಮಾಡುವ ಚಿಕ್ಕ ಉರಿಮಂಡಲ. ೨೦೦೦ದಿಂದ ೨೦೧೯ರವರೆಗಿನ ಲೆಕ್ಕದಂತೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ ೫೮,೦೦೦ ಮಂದಿ; ಇವರಲ್ಲಿ ಸುಮಾರು ಅರ್ಧದಷ್ಟು ಜನ ಜೂನ್ ತಿಂಗಳಿನಿಂದ ಸೆಪ್ಟೆಂಬರ್ ತಿಂಗಳವರೆಗಿನ ಮಳೆಗಾಲದಲ್ಲಿ ಸತ್ತವರು. ಗುರುತು ಹತ್ತದ ಹಾವನ್ನು ವಿಷದ ಹಾವೆಂದೇ ಭಾವಿಸಿ ಹತ್ತಡಿಗಿಂತ ದೂರದಲ್ಲಿ ನಿಲ್ಲತಕ್ಕದ್ದು. ಮನೆಯೊಳಗೆ ಬಂದರೆ ಹಾವು ಹಿಡಿಯುವುದರಲ್ಲಿ ತರಬೇತಿ ಪಡೆದವರನ್ನಾಗಲಿ ಅರಣ್ಯ ಇಲಾಖೆಯವರನ್ನಾಗಲಿ ಕರೆಯಿಸಬೇಕು.

ಕಟ್ಟುಹಾವು ರಾತ್ರಿಯಲ್ಲಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೂ ಊತವೂ ಹೆಚ್ಚಾಗಿ ಇರದೆ, ಬೆಳಗಾಗುವುದರೊಳಗೆ ಹೊಟ್ಟೆನೋವು, ರೆಪ್ಪೆ ಜೋಲುವುದು ಮುಂತಾದುವು ಕಾಣಿಸುತ್ತವೆ. ಮಂಚದ ಮೇಲೆ ಮಲಗಿ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸೇರಿಸಿಕೊಂಡರೆ ಈ ಅಪಾಯವು ಬಹುಮಟ್ಟಿಗೆ ತಪ್ಪುತ್ತದೆ. ಹಾವು ಕಚ್ಚಿದವರ ಗಾಯವನ್ನು ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು, ಬೇರು ಕೊಡುವುದು ಕೂಡದು. ಕೈಕಾಲು ಅಲುಗದಂತೆ ಮಲಗಿಸಿ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಮೇಲ್ಕಂಡ ನಾಲ್ಕು ಹಾವುಗಳ ವಿಷಕ್ಕೂ ಒಂದೇ ಪ್ರತಿವಿಷದ ಔಷಧವುಂಟು.

ಹುಚ್ಚಿನ ರೋಗ.— ಮನುಷ್ಯನಿಗೆ ಹೆದರದೆ ಹಗಲಿನಲ್ಲಿ ಹತ್ತಿರ ಬರುವ ನರಿ, ನಾಯಿ, ಮುಂಗುಸಿಗಳಿಗೆ ಹುಚ್ಚು ಹಿಡಿದಿರಬಹುದು. ಕಚ್ಚಿದರೆ, ಪರಚಿದರೆ, ಗಾಯವನ್ನು ಸಾಬೂನು ನೀರಿನಿಂದ ೧೫ ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ರೋಗಲಕ್ಷಣವು ತೋರಿದ ಮೇಲೆ ಬದುಕಿಸುವುದು ಸಾಧ್ಯವಿಲ್ಲವೆಂದೇ ತಿಳಿಯಬೇಕು.

ಸತ್ತ ಮಂಗ.— ಮಲೆನಾಡಿನ ಹಿತ್ತಲಿನಲ್ಲಾಗಲಿ ತೋಟದಲ್ಲಾಗಲಿ ಮಂಗವು ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗುಗಳ ಮೂಲಕ ಮನುಷ್ಯರಿಗೆ ತಗಲುತ್ತದೆ.

ಚಿರತೆ.— ಉಗುರಿನ ಗುರುತಿಲ್ಲದ, ಸುಮಾರು ಮೂರು ಅಂಗುಲ ಅಗಲದ ನಾಲ್ಕು ಬೆರಳಿನ ಹೆಜ್ಜೆ ಕಂಡರೆ ಅದರ ಮೇಲೆ ಬುಟ್ಟಿಯನ್ನು ಕವುಚಿಟ್ಟು, ಅರಣ್ಯ ಇಲಾಖೆಗೆ ವರ್ತಮಾನ ಕೊಡಬೇಕು. ೨೦೨೨ರ ಕೊನೆಯಿಂದ ೨೦೨೩ರ ಮೊದಲವರೆಗೆ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ದಾಳಿಯಿಂದ ಜನರು ಪ್ರಾಣ ಕಳೆದುಕೊಂಡುದು ಎಲ್ಲರಿಗೂ ತಿಳಿದಿದೆ. ಇಂತಹ ಸಂದರ್ಭದಲ್ಲಿ ಒಂಟಿಯಾಗಿ ಕುಳಿತು ನೋಡುವ ಕೆಲಸವನ್ನು ನಿಲ್ಲಿಸಿ, ಮಕ್ಕಳನ್ನೂ ಕರುಗಳನ್ನೂ ಮುಸ್ಸಂಜೆಗೆ ಮೊದಲೇ ಒಳಗೆ ಸೇರಿಸತಕ್ಕದ್ದು.

೮. ನೋಡಿದ ಮೇಲೆ ಮಾಡತಕ್ಕದ್ದು

ಎರಡು ವಾರಗಳ ಪುಸ್ತಕವನ್ನು ಮುಂದಿಟ್ಟುಕೊಂಡರೆ ಯಾವ ದಾರಿಯನ್ನು ಮುಚ್ಚಬೇಕೆಂಬುದು ತಾನಾಗಿ ತಿಳಿಯುತ್ತದೆ. ಹೆಚ್ಚಿನ ನಷ್ಟಗಳಿಗೆ ಪರಿಹಾರವು ಕೊಲ್ಲುವುದರಲ್ಲಿಲ್ಲ, ಮುಚ್ಚುವುದರಲ್ಲಿದೆ.

ಕಣಜವನ್ನು ನೆಲದಿಂದ ಮೂರಡಿ ಎತ್ತರದ ಕಂಬಗಳ ಮೇಲಿರಿಸಿ, ಪ್ರತಿ ಕಂಬಕ್ಕೂ ಬೋರಲು ಹಾಕಿದ ಆಲಿಕೆಯಂತಹ ತಗಡನ್ನು ಸುತ್ತಿಸಬೇಕು. ತೆಂಗಿನ ಮರಕ್ಕೆ ಆರಡಿ ಎತ್ತರದಲ್ಲಿ ಒಂದೂಕಾಲು ಅಡಿ ಅಗಲದ ನುಣುಪಾದ ತಗಡಿನ ಪಟ್ಟಿಯನ್ನು ಸುತ್ತಿದರೆ, ಮರಗಳ ಗರಿಗಳು ಒಂದಕ್ಕೊಂದು ತಾಗದಿದ್ದಲ್ಲಿ, ಇಲಿಗಳು ಹತ್ತಲಾರವು. ಬಣವೆ, ಸೌದೆ, ಕಲ್ಲುಗುಡ್ಡೆಗಳು ಮನೆಯ ಗೋಡೆಗೆ ತಾಗಿರಬಾರದು. ಎಂಜಲನ್ನು ಹಿತ್ತಲಿಗೆ ಚೆಲ್ಲಬಾರದು. ಎಂಜಲು ಇಲಿಯನ್ನು ಕರ‍ೆಯುತ್ತದೆ, ಇಲಿಯು ಹಾವನ್ನು ಕರೆಯುತ್ತದೆ. ಮಂಗಗಳಿಗೆ ತಿಂಡಿ ಕೊಡುವ ಅಭ್ಯಾಸವೂ ಸಲ್ಲದು. ಇಂದು ಕೈಯಿಂದ ತೆಗೆದುಕೊಂಡದ್ದು ನಾಳೆ ಅಡಿಗೆಮನೆಯಿಂದ ತೆಗೆದುಕೊಳ್ಳುತ್ತದೆ.

ಇಲಿಪಾಷಾಣವನ್ನು ಹಾಕಲೇಬೇಕಾದರೆ ತೆರೆದ ಬಿಲಗಳಿಗೆ ಮಾತ್ರ ಹಾಕಿ ಬಾಯಿ ಮುಚ್ಚಿ, ಸತ್ತ ಇಲಿಗಳನ್ನು ಆರಿಸಿ ಆಳವಾಗಿ ಹೂಳಬೇಕು. ರಕ್ತವನ್ನು ಹೆಪ್ಪುಗಟ್ಟದಂತೆ ಮಾಡುವ ಬ್ರೋಮಡಿಯೋಲೋನ್ ಮೊದಲಾದ ಪಾಷಾಣಗಳನ್ನು ತಿಂದ ಇಲಿಯು ಕೂಡಲೇ ಸಾಯದೆ ಹಲವು ದಿನ ತಿರುಗುತ್ತದೆ; ಅಂತಹ ಇಲಿಗಳನ್ನು ತಿಂದ ಗೂಬೆಯ ಮೈಗೂ ವಿಷವು ಸೇರುತ್ತದೆ. ಹೊಲದಲ್ಲಿ ಅಲ್ಲಲ್ಲಿ ಆರೇಳಡಿ ಎತ್ತರದ ಗೂಟವನ್ನು ನೆಟ್ಟು ಮೇಲೆ ಅಡ್ಡಪಟ್ಟಿಯನ್ನು ಹೊಡೆದರೆ, ಗೂಬೆಗಳು ರಾತ್ರಿ ಅದರ ಮೇಲೆ ಕುಳಿತು ಇಲಿಗಳನ್ನು ಹಿಡಿಯುತ್ತವೆ.

೯. ಊರಿನ ಯಜಮಾನರಿಗೆ ವಿಜ್ಞಾಪನೆ

ಒಂದು ಮನೆಯವರು ಬಿಲ ಮುಚ್ಚಿ, ಪಕ್ಕದ ಮನೆಯವರು ಸುಮ್ಮನಿದ್ದರೆ ಇಲಿಗಳು ಮನೆಯನ್ನು ಬದಲಾಯಿಸುತ್ತವೆಯೇ ಹೊರತು ಊರನ್ನು ಬಿಡುವುದಿಲ್ಲ. ಆದಕಾರಣ ಕೊಯ್ಲಿಗೆ ಮೊದಲು ಊರಿನವರೆಲ್ಲರೂ ಒಂದೇ ವಾರದಲ್ಲಿ ಬಿಲದ ಪರೀಕ್ಷೆಯನ್ನು ನಡೆಸುವಂತೆ ಯಜಮಾನರು ಏರ್ಪಡಿಸಬೇಕು. ಪ್ರತಿವಿಷದ ಔಷಧವು ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ, ರಾತ್ರಿಯಲ್ಲಿ ಅಲ್ಲಿಗೆ ಸಾಗಿಸಲು ಯಾರ ವಾಹನವುಂಟು ಎಂಬುದನ್ನು ಮಳೆಗಾಲಕ್ಕೆ ಮೊದಲೇ ವಿಚಾರಿಸಿ, ಎಲ್ಲರಿಗೂ ಕಾಣುವ ಗೋಡೆಯ ಮೇಲೆ ಬರೆಯಿಸಬೇಕು. ೨೦೨೪ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯವಾಗಿರುವುದರಿಂದ, ಯಾವ ಪ್ರಕರಣವನ್ನೂ ಮನೆಯಲ್ಲಿಯೇ ಮುಚ್ಚಿಡದಂತೆ ಜನರಿಗೆ ತಿಳಿಹೇಳಬೇಕು. ಕಾಡುಪ್ರಾಣಿಗಳಿಂದ ಬೆಳೆಗೂ ಜಾನುವಾರಿಗೂ ಆದ ನಷ್ಟಕ್ಕೆ ಅರಣ್ಯ ಇಲಾಖೆಯಲ್ಲಿ ಪರಿಹಾರವನ್ನು ಕೇಳುವಾಗ ದಿನ, ಹೊತ್ತು, ಹೆಜ್ಜೆಯ ಗುರುತುಗಳನ್ನು ಬರೆದಿಟ್ಟ ಪುಸ್ತಕವು ಬಹಳ ಸಹಾಯವಾಗುತ್ತದೆ.

೧೦. ಸಾರಾಂಶ

(೧) ಹಿತ್ತಲಿಗೆ ಬಂದ ಪ್ರಾಣಿಯನ್ನು ಕಂಡ ಕೂಡಲೇ ಕೊಲ್ಲಬೇಡಿರಿ, ದೂರದಿಂದ ನೋಡಿರಿ.

(೨) ಯಾವುದು ಬಂತು, ಯಾವ ಹೊತ್ತಿನಲ್ಲಿ, ಏನನ್ನು ತಿಂದಿತು ಎಂಬ ಮೂರನ್ನೂ ಎರಡು ವಾರ ಬರೆದಿಡಿರಿ.

(೩) ಬೂದಿಯ ಹಾಸು, ಬಿಲದ ಪರೀಕ್ಷೆ, ಹಿಕ್ಕೆ ಉಂಡೆಗಳ ಪರೀಕ್ಷೆ ಇವುಗಳಿಂದ ರಾತ್ರಿಯ ಕಳ್ಳನನ್ನು ಗುರುತಿಸಿರಿ.

(೪) ಕೇರೆ, ಗೂಬೆ, ಮುಂಗುಸಿಗಳನ್ನು ಉಳಿಸಿಕೊಳ್ಳಿರಿ. ಕೋಳಿಗೂಡನ್ನೂ ಕಣಜವನ್ನೂ ಭದ್ರಪಡಿಸಿರಿ.

(೫) ವಿಷದ ಹಾವು, ಹುಚ್ಚು ಹಿಡಿದ ಪ್ರಾಣಿ, ಸತ್ತ ಮಂಗ, ಚಿರತೆ ಇವುಗಳ ವಿಷಯದಲ್ಲಿ ದೂರವಿದ್ದು, ತಕ್ಕವರಿಗೆ ಕೂಡಲೇ ತಿಳಿಸಿರಿ.

ಈ ಕರಪತ್ರವನ್ನು ಓದಿದವರು ಇಂದಿನ ಸಂಜೆಯೇ ಒಲೆಯ ಬೂದಿಯನ್ನು ಒಂದು ಮೊರದಷ್ಟು ಜರಡಿ ಹಿಡಿದು ಹಿತ್ತಲಿನ ಬೇಲಿಯ ಕಂಡಿಯಲ್ಲಿ ಹರಡಿ, ನಾಳೆ ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬೇಕಾಗಿ ಕೋರಲಾಗಿದೆ.